ಗೋಡೆಯಾಚೆಯ ಗುಡಾಣ

ಅಡುಗೆಮನೆಗೂ ಗುಡಾಣದ ಕೋಣೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಮೂವತ್ತೊಂದು ವರ್ಷ ಫೆಲಿಸ್ಮಿನಾ ಈಚೆ ನಿಂತು ಬ್ರೆಡ್ಡಿನ ಹಿಟ್ಟು ನಾದಿದಳು, ಆಚೆ ಗಂಡ ಕುಸ್ತೋದಿಯು ವೈನು ಮಾಡಿದ. ಆಳೆತ್ತರದ ಮೂರು ಮಣ್ಣಿನ ಗುಡಾಣಗಳಲ್ಲಿ ದ್ರಾಕ್ಷಿ ಹುದುಗಿ ಕುದಿಯೇಳುವ ಆ ಕೋಣೆಯ ಹೊಸ್ತಿಲನ್ನು ಹೆಂಗಸು ಯಾವತ್ತು ದಾಟಿದರೂ ವೈನು ಹುಳಿಯಾಗುತ್ತದೆ ಎಂಬುದು ಊರಿನ ಕಟ್ಟಲೆ. ಕಾಲಿಗೇನೋ ಹೊಸ್ತಿಲು ಉಂಟು, ಕಿವಿಗೆ ಯಾವ ಹೊಸ್ತಿಲು? ಗುಡಾಣ ಯಾವಾಗ ಗೊಣಗುತ್ತದೆ, ಯಾವಾಗ ಬುಸುಗುಡುತ್ತದೆ, ಎಷ್ಟು ಹೊತ್ತಿಗೊಮ್ಮೆ ಗಂಡ ಏಣಿ ಹತ್ತಿ, ಮೇಲೆ ತೇಲಿಬಂದ ಸಿಪ್ಪೆಯನ್ನು ಕೋಲಿನಿಂದ ಅದುಮುತ್ತಾನೆ, ಎಲ್ಲವನ್ನೂ ಅವಳು ಹಿಟ್ಟು ನಾದುತ್ತಲೇ ಕಲಿತಿದ್ದಳು.

ಆ ವರ್ಷ ಆಗಸ್ಟ್ ಕೊನೆಗೆ, ಕೊಯ್ಲಿಗೆ ಇನ್ನು ಇಪ್ಪತ್ತು ದಿನ ಇರುವಾಗ, ಕುಸ್ತೋದಿಯು ಎದೆನೋವಿನಿಂದ ತೀರಿಕೊಂಡ. ಮಣ್ಣು ಕೊಟ್ಟು ಬಂದ ವಾರಕ್ಕೇ ಮೈದುನ ಬೆಲ್ಷಿಯೋರ್ ಬಂದು, ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ ಅಡುಗೆಮನೆಯಲ್ಲಿ ಕೂತ.

“ಅತ್ತಿಗೆ, ಹಣ್ಣು ಸಹಕಾರ ಸಂಘಕ್ಕೆ ಹಾಕಿಬಿಡೋಣ. ಗುಡಾಣಗಳನ್ನ ಪೇಟೆ ಹೋಟೆಲಿನೋರು ಹೂಕುಂಡಕ್ಕೆ ಕೇಳ್ತಿದಾರೆ. ಕೋಣೆ ಬೀಗದಕೈ ನನಗೆ ಕೊಟ್ಟು ನೀವು ಆರಾಮಾಗಿರಿ.”

“ಹೂಕುಂಡಕ್ಕಾ! ನಿಮ್ಮಜ್ಜ ಕೇಳಿಸ್ಕೊಂಡಿದ್ರೆ ಗೋರಿಯಿಂದ ಎದ್ದು ಬಂದು ನಿನ್ನನ್ನೇ ಅದರಲ್ಲಿ ನೆಡ್ತಿದ್ರು. ಈ ಸಲ ವೈನು ನಾನೇ ಮಾಡ್ತೀನಿ.”

ಬೆಲ್ಷಿಯೋರ್ ನಕ್ಕ. “ಹೆಂಗಸಿನ ಕೈ ತಾಕಿದ್ರೆ ಹುಳಿ ಹಿಡಿಯುತ್ತೆ ಅಂತ ಕೂಸಿಗೂ ಗೊತ್ತು.”

“ನನ್ನ ಮುಟ್ಟು ನಿಂತು ಎಂಟು ವರ್ಷ ಆಯ್ತು ಕಣಯ್ಯಾ. ನಿನ್ನ ಬುದ್ಧಿ ನಿಂತು ಎಷ್ಟಾಯ್ತು?”

ಮೈದುನನ ಕಿವಿ ಕೆಂಪೇರಿತು. ಕೊನೆಗೆ ಮಾತಾದದ್ದು ಇಷ್ಟು: ನವೆಂಬರಿನ ಸಂತ ಮಾರ್ತಿನ್ಯುವಿನ ಹಬ್ಬದಂದು, ಊರೆಲ್ಲ ಗುಡಾಣ ತೆರೆದು ರುಚಿ ನೋಡುವ ದಿನ, ಅವಳ ವೈನು ಹುಳಿಯಾಗಿದ್ದರೆ ಬೀಗದಕೈ ಅವನದು. ಆಗಿರದಿದ್ದರೆ ಅವನು ಹೂಕುಂಡದ ಮಾತೆತ್ತಬಾರದು.

ಕೊಯ್ಲಾಯಿತು. ಹಣ್ಣು ಜಜ್ಜಿ ಗುಡಾಣಕ್ಕೆ ತುಂಬಿದ್ದಾಯಿತು. ಕುದಿ ಜೋರಾಗಿದ್ದ ವಾರವೇ ಕುಸ್ತೋದಿಯುವಿನ ತಿಂಗಳ ಪೂಜೆ ಬಂತು. ಫೆಲಿಸ್ಮಿನಾ ಬೆಳಕು ಹರಿಯುವ ಮೊದಲೇ ಮೂರರಲ್ಲೂ ಸಿಪ್ಪೆ ಅದುಮಿ, ಕಪ್ಪು ಬಟ್ಟೆ ಉಟ್ಟು, ಇಗರ್ಜಿಯ ಮೊದಲ ಸಾಲಿನಲ್ಲಿ ಹೋಗಿ ಕೂತಳು. ಪಾದ್ರಿಗಳು ಸತ್ತವನ ಗುಣಗಳನ್ನು ಒಂದೊಂದಾಗಿ ಹೇಳತೊಡಗಿದರು. ಕಿಟಕಿಯ ಬಿಸಿಲು ಗೋಡೆಯಿಂದ ಇಳಿದು ಅವಳ ಪಾದಕ್ಕೆ ಬಂತು. ಸೆಕೆ. ಇಂಥ ಸೆಕೆಗೆ ಮೂರನೆಯ ಗುಡಾಣಕ್ಕೆ ತಾಳ್ಮೆ ಸಾಲದು. ಮಗಳ ಮದುವೆಯೂಟದಲ್ಲಿ ಮೈಮರೆತು ಸಿಪ್ಪೆ ಅದುಮದೆ ಬಿಟ್ಟ ಊರಿನ ಕ್ರಿಸ್ಪಿನ್ನನ ಗುಡಾಣ ಒಳಗೆ ಗಾಳಿ ಕಟ್ಟಿ ಸಿಡಿದು, ಸಿಪ್ಪೆಯೆಲ್ಲ ತೊಲೆಗೆ ಮೆತ್ತಿಕೊಂಡದ್ದು ಇವತ್ತಿಗೂ ಊರಿನ ನಗೆಮಾತು.

ಅವಳು ಎದ್ದಳು. ಪಕ್ಕದ ಮನೆಯ ಪೆರ್ಪೆತುವಾ ಲಂಗ ಹಿಡಿದೆಳೆದಳು.

“ಕೂತ್ಕೊಳ್ಳಕ್ಕಾ, ಪಾದ್ರಿಗಳು ನೋಡ್ತಿದಾರೆ!”

“ನೋಡ್ಲಿ. ಅವರು ಕಾಯ್ತಾರೆ, ಗುಡಾಣ ಕಾಯಲ್ಲ. ಕುಸ್ತೋದಿಯು ಆಗಿದ್ರೆ ನನಗಿಂತ ಮೊದಲೇ ಓಡಿರ್ತಿದ್ದ.”

ಗಂಡನ ಪೂಜೆಯ ನಡುವೆ ವಿಧವೆಯೊಬ್ಬಳು ಎದ್ದು ಹೊರಟದ್ದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ.

ಕೋಣೆಯಲ್ಲಿ ಎರಡು ಗುಡಾಣ ಗೊಣಗುತ್ತಿದ್ದವು. ಮೂರನೆಯದು ಉಸಿರು ಬಿಗಿಹಿಡಿದಂತೆ ಸುಮ್ಮನಿತ್ತು, ಸಿಪ್ಪೆ ಬಾಯಿಂದ ಮೇಲೆ ಗುಡ್ಡದಂತೆ ಉಬ್ಬಿತ್ತು. ಅವಳು ಕಪ್ಪು ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿ, ಕೋಲನ್ನು ಊರಿದಳು. ಜಗ್ಗಲಿಲ್ಲ. ಮೈಭಾರವನ್ನೆಲ್ಲ ಹಾಕಿ, ಹಲ್ಲು ಕಚ್ಚಿ ಅದುಮಿದಳು. ದಬಕ್ಕನೆ ಸಿಪ್ಪೆ ಕುಸಿದು, ದೊಡ್ಡ ನಿಟ್ಟುಸಿರೊಂದು ಹೊರಬಿದ್ದು, ನೊರೆ ಅವಳ ಮುಖಕ್ಕೆ ಎರಚಿತು. ಗೋಣಿಚೀಲ ನೆನೆಸಿ ಗುಡಾಣದ ಮೈಗೆ ಸುತ್ತುವಾಗ ಅದು ಮತ್ತೆ ಗೊಣಗತೊಡಗಿತು. ಆಮೇಲೆಯೇ ಅವಳು ನೆಲಕ್ಕೆ ಕುಸಿದು, ಆ ತಿಂಗಳಲ್ಲಿ ಮೊದಲ ಸಲ ಗಂಡನಿಗಾಗಿ ಬಾಯಿಬಿಟ್ಟು ಅತ್ತಳು.

ಪೂಜೆ ಬಿಟ್ಟು ಓಡಿದವಳ ಮನೆಗೆ ಹಬ್ಬದ ದಿನ ಯಾರೂ ಕಾಲಿಡುವುದಿಲ್ಲವೆಂದು ಗಂಡಸರೆಲ್ಲ ಪಡಖಾನೆಯಲ್ಲಿ ಕೂತು ತೀರ್ಮಾನಿಸಿದರು. ಬೆಲ್ಷಿಯೋರ್ ಅದನ್ನು ಅವಳ ಬಾಗಿಲಿಗೇ ಬಂದು ಹೇಳಿಹೋದ. “ಕುಡಿಯೋರೇ ಇಲ್ಲದ ವೈನು ಹುಳಿಯೋ ಒಳ್ಳೇದೋ ಹೇಳೋರು ಯಾರು ಅತ್ತಿಗೆ? ಬೀಗದಕೈ ತೆಗೆದಿಟ್ಟಿರಿ.”

ಹಬ್ಬದ ಬೆಳಿಗ್ಗೆ ಅವಳು ಪದ್ಧತಿಯಂತೆ, ಗುಡಾಣ ತೆರೆದ ಗುರುತಿಗೆ, ಬಾಗಿಲಿಗೆ ಹಸಿರು ಕೊಂಬೆ ಕಟ್ಟಿದಳು. ಗುಡಾಣದ ಬುಡದ ತೂತಿಗೆ ಮರದ ನಲ್ಲಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸಿದಳು. ಮೊದಲು ಕದಡು, ಆಮೇಲೆ ಸಿಪ್ಪೆಯೊಳಗೇ ಸೋಸಿ ಬಂದ ಹೊನ್ನಿನ ದಾರದಂಥ ವೈನು. ಚೆಸ್ಟ್‌ನಟ್ ಬೀಜ ಹುರಿದಳು, ಆಲಿವ್ ಕಾಯಿ ಬಡಿಸಿಟ್ಟಳು. ಹನ್ನೆರಡು ಹೊಡೆಯಿತು. ಒಂದು ನರಪಿಳ್ಳೆಯೂ ಇಲ್ಲ.

ಕೊನೆಗೆ ಹೊಸ್ತಿಲಾಚೆ ಪೆರ್ಪೆತುವಾ, ಸೆರಗಿನಂತೆ ಹೊದ್ದ ಶಾಲಿನೊಳಗೆ ತಿಂಡಿಯ ತಟ್ಟೆ ಮುಚ್ಚಿಕೊಂಡು, ನಿಂತಿದ್ದಳು.

“ಒಳಗೆ ಬರಬಹುದಾ ಅಕ್ಕಾ?”

“ಕಾಲಿದ್ರೆ ಬಾ.”

ಅವಳು ಬಂದು ಸುತ್ತ ನೋಡಿದಳು. “ಇಷ್ಟೇನಾ! ಹುಟ್ಟಿದಾಗಿಂದ ನಮ್ಮನ್ನ ಹೊರಗಿಟ್ಟಿದ್ದು ಈ ಕತ್ತಲೆಗಾ?”

ಒಂದು ಲೋಟ ಕುಡಿದವಳು ಮನೆಗೆ ಹೋಗಿ ಅತ್ತೆಯನ್ನೂ ನಾದಿನಿಯನ್ನೂ ಕರೆತಂದಳು. ಅವರ ಹಿಂದೆ ಮತ್ತೆ ಏಳೆಂಟು ಜನ. ಬೆಂಚು ತುಂಬಿತು. ಯಾರೋ ಒಬ್ಬಳು, ಗಂಡಸರು ಹೆಗಲಿಗೆ ಹೆಗಲು ಕೊಟ್ಟು ಹಾಡುವ ನಿಧಾನದ ಹಾಡನ್ನು ಎತ್ತಿಕೊಂಡಳು. ಉಳಿದವರು ಸೇರಿದರು. ಹಾಡು ಗುಡಾಣಗಳ ಹೊಟ್ಟೆಗೆ ತಾಗಿ ಇಮ್ಮಡಿಯಾಗಿ, ಪಡಖಾನೆಯಿದ್ದ ಊರ ಚೌಕದವರೆಗೆ ಹೋಯಿತು.

ಹಾಡಿನ ಬೆನ್ನು ಹಿಡಿದು ಬೆಲ್ಷಿಯೋರ್ ಬಂದ. ಅವನ ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ, ಪಡಖಾನೆಯೇ ಎದ್ದು ಬಂದಿತ್ತು.

“ಅಲ್ಲೇ ನಿಲ್ಲು,” ಎಂದಳು ಫೆಲಿಸ್ಮಿನಾ. “ಇವತ್ತು ಹೊಸ್ತಿಲು ನನ್ನದು.”

ಲೋಟವನ್ನು ಹೊರಗೇ ಚಾಚಿದಳು. ಅವನು ಮೂಸಿದ. ಬೆಳಕಿಗೆ ಹಿಡಿದ. ಕುಡಿದ. ಖಾಲಿ ಲೋಟವನ್ನು ಮುಂದೆ ಮಾಡಿದ.

“ಎರಡನೇದು ಬೇಕಾದ್ರೆ ಬಾಯಿ ಬಿಡಬೇಕು.”

“...ಹುಳಿಯಾಗಿಲ್ಲ.”

“ಚೌಕಕ್ಕೆ ಕೇಳಿಸ್ಲಿಲ್ಲ.”

ಅವನು ಟೋಪಿ ತೆಗೆದು, ಹಿಂದೆ ತಿರುಗಿ ಕೂಗಿದ. “ಹುಳಿಯಾಗಿಲ್ಲ ಕಣ್ರೋ!”

ಫೆಲಿಸ್ಮಿನಾ ಲೋಟವನ್ನು ಅರ್ಧಕ್ಕೆ ತುಂಬಿಸಿ ಕೊಟ್ಟಳು. ಬೀಗದಕೈ ಅವಳ ಸೊಂಟದಲ್ಲೇ ಇತ್ತು.

“ಇನ್ನರ್ಧ ಮುಂದಿನ ವರ್ಷ,” ಎಂದಳು, “ಏಣಿ ಹಿಡ್ಕೊಳ್ಳೋಕೆ ಬಂದ್ರೆ.”