ಅತ್ತೆ ಬಿಟ್ಟ ಹಂಚು

ಸೊಸೆ ಮನೆಗೆ ಬಂದ ದಿನವೇ ಅತ್ತೆ ರೊಟ್ಟಿ ಸುಡುವ ಹಂಚು ಬಿಡಬೇಕು. ಆಮೇಲೆ ಮುಟ್ಟಿದರೆ ಊರು ಆಡಿಕೊಳ್ಳುತ್ತದೆ. ಗಂಡಸರಂತೂ ಮೊದಲಿನಿಂದಲೂ ಮುಟ್ಟಿದವರಲ್ಲ. ಕೊಲ್ಹಾಪುರದ ಆ ಓಣಿಯಲ್ಲಿ ಇದಕ್ಕೆ ಮರ್ಯಾದೆ ಅಂತ ಹೆಸರು. ಮರ್ಯಾದೆಯಂತೆ ಮರ್ಯಾದೆ! ಕಂಡಕ್ಟರ್ ಉಜ್ವಲಾ ಎರಡು ಗಂಟೆಗೆ ಬಸ್ಸಿಳಿದು ಬಂದು ಜೋಳದ ಭಾಕರಿ ತಟ್ಟುವವರೆಗೆ ಮನೆಯವರೆಲ್ಲ ಹಸಿದು ಕೂತಿರುತ್ತಿದ್ದರು.

"ಮುಂಜಾನೆನೇ ತಟ್ಟಿಟ್ಟು ಹೋಗ್ತೇನ್ರಿ ಅತ್ತಿ," ಎಂದರೆ ಹೌಸಾಬಾಯಿ ಮುಖ ತಿರುವುತ್ತಿದ್ದಳು.

"ಸೊಸಿ ಇದ್ದೂ ತಂಗಳ ತಿನ್ನಾಕ ನಾನೇನ್ ದಿಕ್ಕಿಲ್ಲದಾಕಿಯೇನು? ನಮ್ಮತ್ತಿಗೆ ಮೂವತ್ತು ವರ್ಷ ಬಿಸೀದ ಹಾಕೇನಿ."

"ನೀವು ನೌಕರಿಗೆ ಹೋಗ್ತಿರಲಿಲ್ಲಲ್ರಿ."

"ಬಾಯಿ ಜೋರಾತು ನಿಂದು!"

ನೌಕರಿಗೆ ಹೋಗೆಂದವಳೂ ಅತ್ತೆಯೇ. ಸಂಬಳ ಬೇಕು, ಬಿಸಿ ಭಾಕರಿಯೂ ಬೇಕು.

ಆ ಮಂಗಳವಾರ ಕಬ್ಬಿನ ಟ್ರಾಕ್ಟರ್ ರಸ್ತೆಗಡ್ಡ ಮಗುಚಿಬಿತ್ತು. ಹಿಂದೆ ಸಾಲುಗಟ್ಟಿದ ಗಾಡಿಗಳ ನಡುವೆ ಉಜ್ವಲಾಳ ಬಸ್ಸೂ ಸಿಕ್ಕಿಬಿತ್ತು. ಉಜ್ವಲಾ ಗಡಿಯಾರ ನೋಡಿದಳು, ಎರಡಾಗಿತ್ತು. ಅತ್ತೆ ಸಕ್ಕರೆ ಕಾಯಿಲೆಯವಳು. ಇನ್ಸುಲಿನ್ ಸೂಜಿ ಚುಚ್ಚಿಕೊಂಡ ಮೇಲೆ ಉಣ್ಣದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಕುತ್ತು. ಗಂಡ ತಾನಾಜಿಗೆ ಫೋನ್ ಮಾಡಿದಳು.

"ಏನ್ರೀ, ಅತ್ತಿ ಸೂಜಿ ತಗೊಂಡ್ರೇನು?"

"ಒಂದೂವರೆಗೇ ಆತು. ನೀ ಎಲ್ಲಿ ಅದಿ? ನನ್ನ ಹೊಟ್ಟೀನೂ ಚುರುಗುಟ್ಟಾಕತ್ತೈತಿ."

"ನಾ ಬರೋದು ತಡ ಆಗ್ತೈತ್ರಿ. ಅವರಿಗೆ ಬೆಲ್ಲರ ತಿನ್ನಸ್ರಿ. ಇಲ್ಲಾ ನೀವ ಒಂದು ಭಾಕರಿ..."

"ನಾ ತಟ್ಟಲೇನು? ಕೈಗೆ ಬಳಿ ಇಟ್ಟುಕೊಂಡೇನೇನು ನಾ?" ತಾನಾಜಿ ನಕ್ಕ. "ಬೆಲ್ಲ ಬ್ಯಾಡಂತ. ಈಗ ಬರ್ತಾಳ ಅಂತ ಕೂತಾಳ."

ಉಜ್ವಲಾಳಿಗೆ ಬಸ್ಸಿನಲ್ಲಿ ಕೂರಲಾಗಲಿಲ್ಲ. ಮುಂದಿನ ಬಾಗಿಲಿಗೊಮ್ಮೆ, ಹಿಂದಿನ ಬಾಗಿಲಿಗೊಮ್ಮೆ ಅಲೆದಳು. "ಬಾಯೀ, ನೀವು ಓಡಾಡಿದ್ರ ಬಸ್ ಓಡೂದಿಲ್ಲ," ಎಂದು ಮುದುಕನೊಬ್ಬ ಚೇಷ್ಟೆ ಮಾಡಿದ. ಎರಡೂವರೆಗೆ ಮತ್ತೆ ಫೋನ್ ಮಾಡಿದಳು.

"ಮಲಗ್ಯಾಳ," ಎಂದ ತಾನಾಜಿ. "ಸ್ವಲ್ಪ ಬೆವತಾಳ, ಸೆಕಿ ಅಲ್ಲೇನು. ನೀ ಬಂದು ಎಬ್ಬಸು."

"ಅದು ನಿದ್ದಿ ಅಲ್ಲ್ರೀ! ಡಾಕ್ಟರನ್ನ ಕರೀರಿ!" ಎಂದು ಚೀರುವಷ್ಟರಲ್ಲಿ ಅವನು ಫೋನ್ ಇಟ್ಟಿದ್ದ. ಮತ್ತೆ ಎಷ್ಟು ಮಾಡಿದರೂ ಎತ್ತಲಿಲ್ಲ. ಮನೆಯ ಟಿವಿಯಲ್ಲಿ ಕ್ರಿಕೆಟ್ ಇತ್ತು.

ನಾಲ್ಕೂವರೆಗೆ ಅವಳು ಹೊಸ್ತಿಲು ದಾಟಿದಾಗ ಹೌಸಾಬಾಯಿಯ ಕೈ ತಣ್ಣಗಾಗಿತ್ತು. ಬಾಯಿಬಡುಕಿಯಾದರೂ ಸೊಸೆಗೆ ಜ್ವರ ಬಂದಾಗ ರಾತ್ರಿಯೆಲ್ಲ ತಲೆ ಒತ್ತಿದ ಜೀವ. ಉಜ್ವಲಾ ಎದೆ ಒಡೆದು ಅತ್ತಳು.

ಹದಿಮೂರನೆಯ ದಿನ ತಾನಾಜಿಯ ಚಿಕ್ಕಮ್ಮ ನೆರೆದವರಿಗೆಲ್ಲ ಕೇಳುವಂತೆ ಅಂದಳು: "ಸೊಸಿ ಬಸ್ಸಿನ್ಯಾಗ ತಿರಗಾಕ ಹೋಗಿ ಅತ್ತಿನ್ನ ಹಸಿವಿಲೆ ಕೊಂದ್ಳು. ನೌಕರಿ ಬಿಡಸೋ ತಾನಾಜಿ."

ತಾನಾಜಿ ಹೆಂಡತಿಯ ಕಡೆ ತಿರುಗಿದ. "ಕೇಳಿದಿಲ್ಲೋ? ನಾಳೆಯಿಂದ ಮನ್ಯಾಗ ಇರು."

"ಕೇಳಿದೆ," ಎಂದಳು ಉಜ್ವಲಾ. ಗಂಡನತ್ತ ತಿರುಗಿ, ದನಿ ತಗ್ಗಿಸದೆ ಅಂದಳು: "ಡಬ್ಬ್ಯಾಗ ಹಿಟ್ಟಿತ್ತು. ಒಲಿ ಇತ್ತು. ನಿಮಗ ಎರಡು ಕೈ ಇದ್ದವು. ಇದ್ದದ್ದೆಲ್ಲಾ ಬಿಟ್ಟು ಇಲ್ಲದಾಕಿನ್ನ ಕಾಯ್ಕೊಂತ ಕೂತ್ರಿ. ಅತ್ತಿನ್ನ ಕೊಂದಾಕಿ ನಾನಲ್ಲ, ಚಿಕ್ಕಮ್ಮಾ."



ಮರುದಿನ ಬೆಳಿಗ್ಗೆ ಅವಳು ಚೀಲ ಹೆಗಲಿಗೇರಿಸಿ ಹೊರಟಾಗ ತಾನಾಜಿ ಬಾಗಿಲಿಗೆ ಬಂದ.

"ಮಧ್ಯಾಹ್ನದ ಊಟ?"

"ತಟ್ಟಿಕೊಳ್ರಿ," ಎಂದಳು. "ನನಗೂ ಎರಡು ತಟ್ಟಿಡ್ರಿ. ಹಸಿದು ಬರ್ತೇನಿ."