ಹಾಡು ಎತ್ತಿದವಳು

ಆ ವಾರ ಟಾರ್ಬೆಟ್ ಊರಿನ ಯಾವ ಅಂಗಡಿಯ ಗಾಜು ನೋಡಿದರೂ ಪೋಸ್ಟರಿನಲ್ಲಿ ಗಾಯಕಿ ವಾನ್ಸೀಲ್ ಮ್ಯಾಡಕ್ಸಳ ಮುಖ. ಔಷಧಿ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಕೊನೆಗೆ ಕೋಳಿ ಕರಿಯುವವನ ಕಿಟಕಿಯಲ್ಲೂ. ಬಿಳಿ ಟೋಪಿ, ಮುತ್ತಿನ ಸರ, ಕೆಳಗೆ ದಪ್ಪ ಅಕ್ಷರದಲ್ಲಿ ‘ಗೋದಾಮಿನಲ್ಲಿ ಹಾಡು ಎತ್ತಿದ ಹುಡುಗಿ’. ಕೋಳಿ ಕೊಳ್ಳಲು ಹೋಗಿದ್ದ ಅರ್ಝುಲಾ ಟಾಲಿವರ್ ಬರಿಗೈಯಲ್ಲಿ ವಾಪಸು ಬಂದಳು. ಹಸಿವೆಯೆಲ್ಲ ಸುಟ್ಟುಹೋಗಿತ್ತು.

ಆ ಹಾಡು ಎತ್ತಿದವಳು ಅರ್ಝುಲಾ.

ಅರವತ್ತು ವರ್ಷದ ಹಿಂದಿನ ಬೇಸಿಗೆ. ಅಪ್ಪ ಅಮ್ಮಂದಿರಿಗೆ ವೋಟಿನ ಹಕ್ಕು ಕೊಡಿ ಎಂದು ಕೇಳಲು ಕರಿಯರ ಮಕ್ಕಳು ಕೋರ್ಟಿನ ತನಕ ನಡೆದು ಹೋದಾಗ ಅಲ್ಲಿನ ಪೊಲೀಸರ ಮುಖ್ಯಸ್ಥ ಶೆರಿಫ್ ಹುಡುಗಿಯರನ್ನೆಲ್ಲ ಬಾಚಿ ಊರಾಚೆಯ ಹತ್ತಿ ಗೋದಾಮಿಗೆ ತುಂಬಿ ಬೀಗ ಜಡಿದಿದ್ದ. ತೊಟ್ಟಿಕ್ಕುವ ಒಂದು ನಲ್ಲಿ, ನೆಲಕ್ಕೆ ಸಿಮೆಂಟು, ಕಕ್ಕಸಿಗೆ ಒಂದು ಮೂಲೆ. ವಾನ್ಸೀಲಳೂ ಅಲ್ಲಿಗೆ ಬಂದವಳೇ. ಆದರೆ ಅವಳಪ್ಪ ಬ್ಯಾಂಕಿನ ಸಾಹುಕಾರನ ಕಾರು ಓಡಿಸುತ್ತಿದ್ದ. ಸಾಹುಕಾರ ಒಂದು ಮಾತು ಹೇಳಿದ, ಮಾರನೆಯ ಮಧ್ಯಾಹ್ನವೇ ಅವಳು ಮನೆ ಸೇರಿದಳು. ಉಳಿದವರು ಉಳಿದರು. ಅವತ್ತು ಸಂಜೆ ಚಿಕ್ಕವಳೊಬ್ಬಳು ಅಳು ನಿಲ್ಲಿಸದೆ ಹೋದಾಗ ಅರ್ಝುಲಾ ಎದ್ದು ನಿಂತು ಸಾಲು ಎಸೆದಳು:

*ಶೆರಿಫನ ಬೀಗಕ್ಕೆ ತುಕ್ಕು ಹಿಡಿದೀತು, ನನ್ನ ಕಾಲಿಗೆ ಹಿಡಿಯದು.*

ಮೌಂಟ್ ನೀಬೋ ಚರ್ಚಿನಲ್ಲಿ ಹಾಡುವುದೇ ಹಾಗೆ. ಗುಲಾಮರು ಓದು ಕಲಿತರೆ ಚಾಟಿಯೇಟು ಬೀಳುತ್ತಿದ್ದ ಕಾಲದಿಂದ ಬಂದ ಪದ್ಧತಿ. ಒಬ್ಬರು ಸಾಲು ಎತ್ತಿಕೊಡಬೇಕು, ಉಳಿದವರೆಲ್ಲ ಹಿಡಿದು ಎಳೆದೆಳೆದು ಹಾಡಬೇಕು. ಎತ್ತಿದ ಸಾಲನ್ನು ನೆಲಕ್ಕೆ ಬೀಳಲು ಬಿಡುವವರು ಆ ಚರ್ಚಿನಲ್ಲಿ ಹುಟ್ಟಿಲ್ಲ. ಎತ್ತಿದವಳ ಮೇಲೆ ಎಷ್ಟೇ ಸಿಟ್ಟಿರಲಿ, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಅವತ್ತೂ ಬಾಯಿಗಳು ತೆರೆದುಕೊಂಡವು. ಕಾವಲಿನವನು ಸಾಕು ನಿಲ್ಲಿಸಿ ಎಂದು ಅಂಗಲಾಚುವ ತನಕ ಹಾಡಿದರು.

ಆಮೇಲೆ ಅರ್ಝುಲಾ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ವಾನ್ಸೀಲಳಿಗೆ ಕಂಠವಿತ್ತು. ಆ ಕಂಠ ಅವಳನ್ನು ಕಾಲೇಜಿಗೆ, ಟೀವಿಗೆ, ಗವರ್ನರನ ಊಟದ ಮೇಜಿಗೆ ಕೊಂಡೊಯ್ದಿತು. ಮೊದಮೊದಲು ‘ಹುಡುಗಿಯರು ಹಾಡಿದರು’ ಎನ್ನುತ್ತಿದ್ದಳು. ಕೆಲವು ವರ್ಷಕ್ಕೆ ಅದು ‘ಹಾಡಿದೆವು’ ಆಯಿತು. ಇನ್ನೂ ಕೆಲವು ವರ್ಷಕ್ಕೆ ‘ನಾನು ಎತ್ತಿದೆ’. ಆ ಒಂದೊಂದು ಹೆಜ್ಜೆಯನ್ನೂ ಅರ್ಝುಲಾ ಗಮನಿಸಿದ್ದಳು, ಒಂಟಿ ಮುದುಕಿಯರು ಪಕ್ಕದ ಮನೆಯ ಬೇಲಿ ಸರಿಯುವುದನ್ನು ಗಮನಿಸುವಂತೆ. ವಾನ್ಸೀಲಳ ಟೋಪಿ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಮಂಡಿನೋವಿಲ್ಲದ ಅವಳ ನಡಿಗೆ ಕಂಡರೂ ಆಗುತ್ತಿರಲಿಲ್ಲ.

ಆದರೂ ಬಾಯಿ ಬಿಡಲಿಲ್ಲ. ಬಿಳಿಯರ ಎದುರಿಗೆ ನಮ್ಮವರ ಕಾಲು ಎಳೆಯಬಾರದು ಎನ್ನುವುದು ಟಾರ್ಬೆಟ್ಟಿನ ಕರಿಯರು ಹಾಲಿನ ಜೊತೆ ಕುಡಿದ ಕಾನೂನು. ನಿಯೋಮಾಳ ಬ್ಯೂಟಿ ಪಾರ್ಲರಿನಲ್ಲಿ, ತಲೆಗೆ ಕೂದಲು ಒಣಗಿಸುವ ಬಿಸಿಗಾಳಿಯ ಟೋಪಿ ಹಾಕಿಕೊಂಡಾಗ ಮಾತ್ರ ಅವಳ ಒಡಲಿನ ಮಾತು ಹೊರಗೆ ಬರುತ್ತಿತ್ತು. ಪಾರ್ಲರಿನ ಮಾತಿಗೆ ಗೋಡೆ ಎಲ್ಲಿಯದು?

ಈ ವರ್ಷ ಅರವತ್ತನೇ ನೆನಪಿನ ದಿನ. ಜಿಲ್ಲೆಯ ಆಡಳಿತ ನೋಡುವ ಕೌಂಟಿಯ ಮಂಡಳಿ ಎರಡು ಹೋಳಾಯಿತು. ರಿಪಬ್ಲಿಕನ್ನರ ಕೈ ಮೇಲಿತ್ತು. ಅವರು ಅದಕ್ಕೆ ‘ಐಕ್ಯತಾ ದಿನ’ ಎಂದು ಹೆಸರಿಟ್ಟು ಕೋರ್ಟಿನ ಹುಲ್ಲುಹಾಸಿನಲ್ಲಿ ಒಂದು ಕಲ್ಲು ನೆಟ್ಟರು. ಕಲ್ಲಿನ ಮೇಲೆ ಗೋದಾಮೂ ಇಲ್ಲ, ಶೆರಿಫನೂ ಇಲ್ಲ. ‘ಕಷ್ಟದ ದಿನಗಳು’ ಎಂದಿತ್ತು, ಮಳೆ ಬಾರದ ವರ್ಷಕ್ಕೆ ಅನ್ನುವ ಹಾಗೆ. ಅದನ್ನು ನೆಡಿಸಿದ ಅವರ ಮುಖಂಡ ರ್‍ಯಾಂಡ್ ಕಿಟ್ರೆಲ್ ಎಂಬವನೇ ಎರಡು ವರ್ಷದ ಕೆಳಗೆ ಕರಿಯರ ಕೇರಿಯ ಅಗ್ನಿಶಾಮಕ ಠಾಣೆಯಲ್ಲಿದ್ದ ಮತಗಟ್ಟೆಗೆ ಬೀಗ ಹಾಕಿಸಿದ್ದ. ಡೆಮಾಕ್ರಟರು ಕಲ್ಲಿಗೆ ಥೂ ಎಂದು ರಸ್ತೆಯಾಚೆ ಮೌಂಟ್ ನೀಬೋ ಮೆಟ್ಟಿಲ ಮೇಲೆ, ಅದೇ ದಿನ ಅದೇ ಹೊತ್ತಿಗೆ, ‘ವೋಟಿನ ಹಕ್ಕಿನ ದಿನ’ ಸಾರಿದರು. ಅವರ ಮುಖಂಡ ಕಾರ್ವರ್ ಸ್ಟ್ರಿಂಗರ್. ಚುನಾವಣೆ ಬಂದಾಗ ಚರ್ಚಿನ ಕರಿದ ಮೀನು ತಿಂದು, ಕೇರಿಯ ಚರಂಡಿಯ ಬಗ್ಗೆ ಕಣ್ಣೀರು ಹಾಕಿ, ಗೆದ್ದಮೇಲೆ ಮೂಗು ಮುಚ್ಚಿಕೊಂಡು ಅದನ್ನು ದಾಟುವವನು. ವಾನ್ಸೀಲಳನ್ನು ಇಬ್ಬರೂ ಕರೆದರು. ಅವಳು ಮೆಟ್ಟಿಲು ಆರಿಸಿಕೊಂಡಳು.

ಆಗ, ಪಾರ್ಲರಿನ ಮಾತು ಕಿವಿಗೆ ಬಿದ್ದಿದ್ದ ಕಿಟ್ರೆಲ್ ತನ್ನ ಹೆಂಡತಿ ಮಾಡಿದ ನಿಂಬೆ ಕೇಕು ಹಿಡಿದುಕೊಂಡು ಅರ್ಝುಲಾಳ ವರಾಂಡಕ್ಕೆ ಬಂದ. ಹವೆಯ ಮಾತಾಡಿದ, ಗುಲಾಬಿಗಿಡ ಹೊಗಳಿದ, ಆಮೇಲೆ ವೇದಿಕೆಯ ಮೇಲೆ ಅವಳಿಗೊಂದು ಕುರ್ಚಿಯಿದೆ ಎಂದ.

“ಭಾಷಣ ಗೀಷಣ ಏನೂ ಬೇಡ, ಮಿಸ್ ಅರ್ಝುಲಾ. ಆ ಸಂಜೆ ಗೋದಾಮಿನಲ್ಲಿ ಯಾರಿದ್ರು, ಯಾರಿರ್ಲಿಲ್ಲ, ಅಷ್ಟು ಹೇಳಿ ಸಾಕು. ನಿಮ್ಮದು ನಿಮಗೆ ಸಿಗ್ಲಿ ಅಂತ ನನ್ನಾಸೆ.”

ಇವನಿಗೆ ಯಾಕೆ ಈ ಆಸೆ ಎಂದು ಅರ್ಝುಲಾ ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಗೊತ್ತಿತ್ತು. ‘ನಿಮ್ಮದು ನಿಮಗೆ’ ಎಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಆಗಲಿ ಎಂದುಬಿಟ್ಟಳು.

ಸುದ್ದಿ ಕೇಳಿದ ನಿಯೋಮಾ ಬಾಚಣಿಗೆ ಕೆಳಗಿಟ್ಟಳು. “ಆ ಕುರ್ಚಿಗೆ ಅಂಟು ಬಳಿದಿರ್ತಾರೆ ಕಣೇ. ಎದ್ರೆ ಲಂಗ ಅಲ್ಲೇ ಉಳಿಯುತ್ತೆ.”

“ಉಳೀಲಿ ಬಿಡು. ಹರಿದ ಲಂಗದಲ್ಲಾದ್ರೂ ನನ್ನನ್ನ ನೋಡ್ತಾರಲ್ಲ.”

ಆ ದಿನ ಅವಳು ತಿಳಿನೇರಳೆ ಬಟ್ಟೆ ತೊಟ್ಟು ವೇದಿಕೆಯ ಮೇಲೆ ಕುಳಿತಳು. ಎದುರಿಗೆ ಹುಲ್ಲಿನ ಮೇಲೆ ಕೌಂಟಿಯ ದೊಡ್ಡವರು, ಬಹುತೇಕ ಬಿಳಿಯರು, ತಂಪು ಚಹಾ ಹೀರುತ್ತಿದ್ದರು. ರಸ್ತೆಯಾಚೆ ಮೆಟ್ಟಿಲ ತುಂಬ ಅವಳವರೇ. ಚರ್ಚಿನಲ್ಲಿ ಅವಳ ಬೆಂಚಿನವರು, ಅವಳ ಜೊತೆ ಗೋದಾಮಿನಲ್ಲಿದ್ದು ಇನ್ನೂ ಉಸಿರಾಡುತ್ತಿರುವ ಒಂದಿಬ್ಬರು. ಯಾರೂ ಇತ್ತ ಕೈ ಬೀಸಲಿಲ್ಲ. ಮೇಲಿನ ಮೆಟ್ಟಿಲಿನಲ್ಲಿ ಬಿಳಿ ಟೋಪಿ. ವಾನ್ಸೀಲ್ ಹಾಡುತ್ತಿದ್ದಳು. ಆ ಗಂಟಲಿಗೆ ವಯಸ್ಸು ಎನ್ನುವುದೇ ತಟ್ಟಿರಲಿಲ್ಲ. ಅದು ರಸ್ತೆ ದಾಟಿ ಬಂದು ಅರ್ಝುಲಾಳ ಎದೆಗೆ ಚುಚ್ಚಿತು.

ಕಿಟ್ರೆಲ್ ಮೈಕಿನ ಮುಂದೆ ನಿಂತು ಸುತ್ತಿ ಬಳಸಿ ಕೊನೆಗೆ ಅಲ್ಲಿಗೇ ಬಂದ. “ಈ ಚಳವಳಿ ಬಗ್ಗೆ ಶಾಲೆಗಳಲ್ಲಿ ನಮ್ಮ ಮಕ್ಕಳಿಗೆ ಹೇಳಿಕೊಡ್ತಿರೋದೆಲ್ಲ ನಿಜವಲ್ಲ. ಅದನ್ನ ನಾನು ಹೇಳೋದಲ್ಲ, ಅಲ್ಲಿದ್ದವರ ಬಾಯಿಂದಲೇ ಕೇಳಿ.”

ಅರ್ಝುಲಾ ಎದ್ದಳು. ಮೈಕಿನ ತನಕ ನಡೆಯುವಷ್ಟರಲ್ಲಿ ಅವಳಿಗೆ ಎಲ್ಲ ಕಂಡಿತು. ಈಗ ವಾನ್ಸೀಲ್ ಸುಳ್ಳಿ ಎಂದರೆ ನಾಳೆ ಗೋದಾಮೂ ಸುಳ್ಳು, ನಾಡಿದ್ದು ಶೆರಿಫನೂ ಸುಳ್ಳು. ಇವಳ ನಾಲಿಗೆಯಿಂದಲೇ ಇವಳ ಬೇಸಿಗೆಯನ್ನು ಒರೆಸಿ, ಥ್ಯಾಂಕ್ಯೂ ಎಂದು ಇನ್ನೊಂದು ಕೇಕು ಕಳಿಸುತ್ತಾರೆ. ನಿಜ ಹೇಳುವಂತಿಲ್ಲ. ಆದರೆ ಆಚೆ ಬಿಳಿ ಟೋಪಿ ತೂಗುತ್ತಿತ್ತು, ಸುಮ್ಮನೆ ಕೂರಲಿಕ್ಕೂ ಆಗದು. ವಾನ್ಸೀಲ್ ಉಸಿರಿಗೆಂದು ನಿಂತ ಒಂದು ಗಳಿಗೆ ನೋಡಿ, ಅರ್ಝುಲಾ ಮೈಕಿಗೆ ಬಾಯಿಟ್ಟು ಸಾಲು ಎಸೆದಳು.

*ಶೆರಿಫನ ಬೀಗಕ್ಕೆ ತುಕ್ಕು ಹಿಡಿದೀತು.*

ಹುಲ್ಲಿನ ಮೇಲಿನವರು ಸೌಜನ್ಯದಿಂದ ನಕ್ಕರು. ಒಬ್ಬಳು ಚಪ್ಪಾಳೆ ತಟ್ಟಿ, ಜೊತೆಗೆ ಯಾರೂ ಇಲ್ಲವೆಂದು ನಿಲ್ಲಿಸಿದಳು. ಸಾಲು ನೆಲಕ್ಕೆ ಬೀಳುವುದರಲ್ಲಿತ್ತು. ಅಷ್ಟರಲ್ಲಿ ರಸ್ತೆಯಾಚೆಯಿಂದ ಅದನ್ನು ಹಿಡಿದರು. ಇವಳನ್ನು ದ್ರೋಹಿ ಎಂದು ಬೆಳಗಿನಿಂದ ಬೈಯುತ್ತಿದ್ದ ಬಾಯಿಗಳೇ, ಬೈಗುಳ ಮರೆತು, ನೇಗಿಲಿನಷ್ಟು ನಿಧಾನಕ್ಕೆ ಎಳೆದವು: *ನನ್ನ ಕಾಲಿಗೆ ಹಿಡಿಯದು.* ವಾನ್ಸೀಲಳ ಬಾಯಿ ಕೂಡ. ಅದನ್ನು ಅರ್ಝುಲಾ ಕಣ್ಣಾರೆ ಕಂಡಳು. ಆ ಸುಖಕ್ಕೆ ಮೈಕನ್ನು ಇನ್ನೂ ಹತ್ತಿರ ಎಳೆದುಕೊಂಡಳು.

ಗೋದಾಮಿನಲ್ಲಿ ಒಬ್ಬೊಬ್ಬ ಕಾವಲಿನವನ ಹೆಸರೂ ಹಾಡಿಗೆ ಸೇರುತ್ತಿತ್ತು, ಬೇಕಾದವರನ್ನು ಕೂರಿಸಲು ಆ ಸಾಲಿನಲ್ಲಿ ಹೆಸರಿನ ಜಾಗ ಯಾವತ್ತೂ ಖಾಲಿಯೇ ಇರುತ್ತದೆ. *ಕಿಟ್ರೆಲನ ಬೀಗಕ್ಕೆ ತುಕ್ಕು ಹಿಡಿದೀತು*, ಎಂದಳು. ಆಚೆ ಗುಡುಗಿದರು. *ಸ್ಟ್ರಿಂಗರನ ಮಾತಿಗೆ ತುಕ್ಕು ಹಿಡಿದೀತು*, ಎಂದಳು. ಮೆಟ್ಟಿಲ ಮೇಲಿನ ಸ್ಟ್ರಿಂಗರ್ ಕರವಸ್ತ್ರ ಹುಡುಕಿದ. ಅದಕ್ಕೂ ಗುಡುಗಿದರು, ಸ್ವಲ್ಪ ಹೆಚ್ಚಾಗಿಯೇ.

ಕಿಟ್ರೆಲ್ ಯಾರಿಗೋ ಕಣ್ಸನ್ನೆ ಮಾಡಿದ. ಮೈಕು ಸತ್ತಿತು. ಮುಂದಿನ ಸಾಲು ಅರ್ಝುಲಾಳ ಬಾಯಿಂದ ಹೊರಟು ಮೊದಲ ಓಕ್ ಮರದ ಹತ್ತಿರವೇ ಸೋತಿತು. ವಾನ್ಸೀಲ್ ಅವಳ ತುಟಿ ನೋಡಿಯೇ ಸಾಲು ಹಿಡಿದಳು, ಎತ್ತಿದಳು, ಊರಿನ ಮೇಲೆ ಹರಡಿದಳು. ಟೀವಿಯ ಕ್ಯಾಮೆರಾಗಳು ಗಾಳಿಗೆ ಬಾಗುವ ಪೈರಿನ ಹಾಗೆ ಅತ್ತ ತಿರುಗಿದವು.

ಮತ್ತೆ ಅವಳದೇ ಆಯಿತಲ್ಲ ಎಂದು ಅರ್ಝುಲಾ ಹಲ್ಲು ಕಚ್ಚಿ ವೇದಿಕೆಯಿಂದ ಇಳಿದಳು. ಯಾರ ಕೈಯನ್ನೂ ಹಿಡಿಯದೆ ರಸ್ತೆ ದಾಟಿದಳು. ಜನ ದಾರಿ ಬಿಟ್ಟರು, ಕೆಲವರು ಬೆನ್ನು ತಟ್ಟಿದರು, ಅವಳಿಗೆ ಅದರ ಪರಿವೆಯಿಲ್ಲ. ಮೇಲೆ ಹೋಗುವಷ್ಟರಲ್ಲಿ ಟೀವಿಯ ಹುಡುಗಿ, ಇವತ್ತೂ ನೀವೇ ಹಾಡು ಶುರು ಮಾಡಿದಿರಲ್ಲ ಎಂದು ವಾನ್ಸೀಲಳನ್ನು ಕೇಳುತ್ತಿದ್ದಳು. ವಾನ್ಸೀಲ್ ಅರ್ಝುಲಾಳನ್ನು ಕಂಡಳು. ಕಣ್ಣು ಕೆಳಗೆ ಹಾಕಿದಳು.

“ನಾವೆಲ್ಲ ಸೇರಿ, ಮಗಳೇ,” ಎಂದಳು.

“ನಾವೆಲ್ಲ ಅಲ್ಲ,” ಎಂದಳು ಅರ್ಝುಲಾ. “ನಾನು. ಇವತ್ತೂ ನಾನು, ಅವತ್ತೂ ನಾನೇ.”

ಸ್ಟ್ರಿಂಗರ್ ನಡುವೆ ಬರಲು ಹೋದ. ವಾನ್ಸೀಲ್ ಅವನ ಎದೆಯ ಮೇಲೆ ಅಂಗೈಯಿಟ್ಟು ನಿಲ್ಲಿಸಿದಳು.

“ಹೌದು, ಅವಳೇ,” ಎಂದಳು. ಆ ದೊಡ್ಡ ಕಂಠ ಅಲ್ಲಿ ಇರಲೇ ಇಲ್ಲ. ಅರ್ಝುಲಾಳತ್ತ ತಿರುಗಿದಳು. “ಅವತ್ತು ನಾನು ಅಮ್ಮನ ಅಡುಗೆಮನೇಲಿ ಕೂತು ಬಿಸ್ಕತ್ತು ತಿಂತಿದ್ದೆ. ನೀವೆಲ್ಲ ಒಳಗಿದ್ರಿ. ಜೀವಮಾನವಿಡೀ ನಿಮ್ಮನ್ನ ನೋಡಿ ಹೊಟ್ಟೆ ಉರ್ಕೊಂಡೆ ಕಣೇ. ಕಥೆ ಹೇಳ್ತಾ ಹೇಳ್ತಾ ನಾನೂ ಒಳಗೆ ಸೇರ್ಕೊಂಡುಬಿಟ್ಟೆ.”

ಅರ್ಝುಲಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈ ಹೆಂಗಸು ತನ್ನನ್ನು ಕಂಡು ಹೊಟ್ಟೆ ಉರಿದುಕೊಂಡಿದ್ದಾಳೆ, ಆ ನಲ್ಲಿಗೆ, ಆ ಸಿಮೆಂಟಿಗೆ. ಸಿಟ್ಟು ಕರಗಬೇಕಿತ್ತೇನೋ. ಕರಗಲಿಲ್ಲ. ತನ್ನ ಜೊತೆ ಆ ಸಿಟ್ಟಿನ ಪಕ್ಕದಲ್ಲಿ ಕೂರಲು ಇನ್ನೊಬ್ಬಳು ಸಿಕ್ಕಿದಳು, ಅಷ್ಟೇ.

“ಸ್ವಲ್ಪ ಆಚೆ ಸರಿ,” ಎಂದು ವಾನ್ಸೀಲಳನ್ನು ಮೊಣಕೈಯಿಂದ ತಳ್ಳಿ ಮೇಲಿನ ಮೆಟ್ಟಿಲಿಗೆ ಏರಿದಳು. ಆಮೇಲೆ ಟೀವಿಯ ಹುಡುಗಿಯತ್ತ ತಿರುಗಿದಳು. “ಕ್ಯಾಮೆರಾ ಇತ್ತ ಹಿಡಿಯಮ್ಮ. ಮೊದಲಿಂದ ಹೇಳ್ತೀನಿ. ಗೋದಾಮಿನ ಬಾಗಿಲಿಂದ.”