ಗಾಜು ಒಡೆಯದ ಕಾರು

ಪೆಟ್ಟಿಗೆ ಇರಲಿಲ್ಲ. ಇನ್ಶಿರಾ ಹಿಂದಿನ ಸೀಟಿನ ಕೆಳಗೆ ತಡವಿದಳು, ಡಿಕ್ಕಿ ತೆಗೆದು ನೋಡಿದಳು, ಮತ್ತೆ ಬಂದು ಸೀಟಿನ ಕೆಳಗೇ ತಡವಿದಳು. ರಿಪೇರಿಯಾಗಿ ಮನೆಮನೆಗೆ ಮುಟ್ಟಬೇಕಿದ್ದ ಕಿವಿಯಂತ್ರಗಳೆಲ್ಲ ಅದರಲ್ಲಿದ್ದವು. ಕೇಳದ ಕಿವಿಗೆ ಕೇಳಿಸುವುದೇ ಅವಳ ಕಸುಬು.

ಶುಬ್ರಾ ಬಡಾವಣೆಯ ಆ ಇಕ್ಕಟ್ಟಿನ ಓಣಿಯಲ್ಲಿ ಕಾರುಗಳು ಎರಡು ಸಾಲಾಗಿ ನಿಲ್ಲುತ್ತವೆ. ಒಳಗಿನದು ಹೊರಡಬೇಕಾದರೆ ಹೊರಗಿನದನ್ನು ಸರಿಸಲೇಬೇಕು. ಹಾಗಾಗಿ ಎಲ್ಲರ ಕೀಲಿಯೂ ಕಾವಲುಗಾರ ಬಸ್ಯೂನಿ ಕಾಕಾನ ಸೊಂಟದ ಬಳೆಯಲ್ಲಿ.

"ತಪ್ಪು ನಂದೇ ಡಾಕ್ಟ್ರಮ್ಮ," ಎಂದ ಕಾಕಾ. "ನಿಮ್ ಕಾರು ಸರಿಸಿ ನಮಾಜಿಗೆ ಓಡಿದೆ. ಬೀಗ ಹಾಕೋದು ಮರೆತೆ."

ಇನ್ಶಿರಾ ಅಣ್ಣ ಮಮ್ದೂಹ್‌ಗೆ ಫೋನು ಹಚ್ಚಿದಳು. ಕಾರಿಗೂ ಅದರೊಳಗಿನ ಸಾಮಾನಿಗೂ ವಿಮೆ ಮಾಡಿಸಿದ ಏಜೆಂಟು ಅವನೇ.

"ಗಾಜು ಒಡೆದಿದೆಯಾ?"

"ಇಲ್ಲ. ಕೀಲಿ ಕಾಕಾನ ಹತ್ರ ಇತ್ತು."

"ಅಯ್ಯೋ ನಿನ್ನ! ಆ ಮಾತು ಬಾಯಿಂದ ಬಿದ್ರೆ ಕಂಪನಿ ಬಿಡಿಗಾಸೂ ಕೊಡಲ್ಲ. ಕಾರಿಗೆ ಬೀಗ ಇರ್ಬೇಕು, ಒಡೆದ ಗುರುತು ಇರ್ಬೇಕು, ಠಾಣೇಲಿ ದೂರು ಇರ್ಬೇಕು. ಒಂದು ಕಲ್ಲು ತಗೊಂಡು ಕಿಟಕಿಗೆ ಹಾಕು, ಆಮೇಲೆ ಠಾಣೆಗೆ ಹೋಗು."

"ಠಾಣೆಯವ್ರು ಕಾಕಾನ್ನ ಬಿಡ್ತಾರಾ?"

"ಎರಡು ಮಾತು ಕೇಳಿ ಕಳಿಸ್ತಾರೆ. ನೀನು ಊರಿಗೆಲ್ಲ ತಾಯಿ ಆಗೋಕೆ ಹೋಗ್ಬೇಡ."

ಎರಡು ಮಾತು. ಹಿಂದೊಮ್ಮೆ ಯಾರದೋ ಕಾರಿನ ರೇಡಿಯೋ ಹೋದಾಗಲೂ ಕಾಕಾನನ್ನು ಎರಡು ಮಾತು ಕೇಳಲೆಂದೇ ಕರೆದೊಯ್ದಿದ್ದರು. ಬಂದಮೇಲೆ ಎಡಗಿವಿ ಕೇಳುತ್ತಿರಲಿಲ್ಲ. "ಜಾರಿ ಬಿದ್ದೆ," ಎಂದಿದ್ದ. ಆ ಕಿವಿಯೊಳಗೆ ದೀಪ ಹಿಡಿದು ನೋಡಿದವಳು ಇನ್ಶಿರಾ. ಜಾರಿ ಬಿದ್ದವರ ಕಿವಿ ಹಾಗಿರುವುದಿಲ್ಲ.

ತಿರುಗಿ ನೋಡಿದರೆ ಕಾಕಾನೇ ಫುಟ್‌ಪಾತಿನ ಒಡಕು ಕಲ್ಲೊಂದನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ಫೋನಿನಲ್ಲಿ ಅಣ್ಣ ಕೂಗಿದ್ದು ಅವನ ಬಲಗಿವಿಗೆ ಬಿದ್ದಿತ್ತು.

"ಹೊಡೀರಿ ಡಾಕ್ಟ್ರಮ್ಮ. ಕೇಳಿದ್ರೆ ನಮಾಜಿನಲ್ಲಿದ್ದೆ ಅಂತೀನಿ. ಅದೇನು ಸುಳ್ಳಲ್ಲವಲ್ಲ." ನಗಲು ನೋಡಿದ. "ನನ್ನ ಎಡಕ್ಕೆ ನಿಂತು ಹೊಡೀರಿ, ನಂಗೆ ಸದ್ದೂ ಕೇಳಲ್ಲ."

ಇನ್ಶಿರಾ ಕಲ್ಲು ಈಸಿಕೊಂಡಳು. ಹೊಡೆದರೆ ಕಾಕಾ ಠಾಣೆಗೆ. ಹೊಡೆಯದಿದ್ದರೆ ಅಷ್ಟೂ ಯಂತ್ರಗಳ ಬೆಲೆ ಅವಳ ತಲೆಯ ಮೇಲೆ. ಕಾರು ಮಾರಿದರೂ ತೀರುವುದೋ ಇಲ್ಲವೋ. ಅವಳು ಕೈ ಎತ್ತಿದಳು. ಗಾಜಿನಲ್ಲಿ ತನ್ನ ಮುಖವೇ ಎದುರಾಗಿ ಕಣ್ಣು ಬಿಟ್ಟಿತ್ತು.

ಕಬ್ಬಿನಹಾಲಿನ ಅಂಗಡಿಯ ರೇಡಿಯೋದಲ್ಲಿ ಕುರ್‌ಆನ್ ಪಠಣ ನಡೆದಿತ್ತು. ಓದುತ್ತಿದ್ದವರು ಒಂದು ವಾಕ್ಯ ಮುಗಿಸಿ ಉಸಿರಿಗೆ ನಿಂತರು. ಆ ಬಿಡುವಿನಲ್ಲಿ ಉಸಿರೆತ್ತಬಾರದೆಂದು ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದಳು. ಮುಗಿದ ಮಾತು ಎದೆಗಿಳಿಯುವುದೇ ಆಗಂತೆ. ಇನ್ಶಿರಾಳ ಕೈ ಗಾಳಿಯಲ್ಲೇ ನಿಂತಿತು. ಕಾಕಾ ಕಣ್ಣು ಮುಚ್ಚಿ ಹೆಗಲು ಕುಗ್ಗಿಸಿದ್ದ, ಪೆಟ್ಟು ಬೀಳುವುದು ಗಾಜಿಗಲ್ಲ, ತನಗೇ ಎಂಬಂತೆ.

ಪಠಣ ಮತ್ತೆ ಶುರುವಾಯಿತು. ಅವಳು ಬಗ್ಗಿ ಕಲ್ಲನ್ನು ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟು, ಮತ್ತೆ ಫೋನು ಹಚ್ಚಿದಳು.

"ಅಣ್ಣಾ, ದೂರೂ ಬೇಡ, ವಿಮೆನೂ ಬೇಡ. ಕೀಲಿ ಕೊಟ್ಟವಳು ನಾನೇ."

"ತಲೆ ಕೆಟ್ಟಿದೆಯೇನೇ? ಕಾರು ಮಾರ್ಕೊಂಡು ಬೀದೀಲಿ ನಡೀತೀಯಾ?"

"ನಡೀತೀನಿ."

ಪೆಟ್ಟಿಗೆ ಸೇರಬೇಕಿದ್ದ ಮೊದಲ ಮನೆ ಕಾರು ನಿಂತಿದ್ದ ಕಟ್ಟಡದ ಮಹಡಿಯಲ್ಲೇ ಇತ್ತು. ಮೆಟ್ಟಿಲು ಹತ್ತಿದಳು. ಹಿಂದೆಯೇ ಕಾಕಾನ ಕೀಲಿಗಳ ಸದ್ದು. ಅದು ಒಂದು ಮೆಟ್ಟಿಲ ಸಾಲು ಕೆಳಗೇ ನಿಂತಿತು.

ಬಾಗಿಲು ತೆರೆದ, ಹಜ್ ಮುಗಿಸಿಬಂದ ಮುದುಕಿ ದವ್ಲತ್ ಹಾಜ್ಜಾ ಆಗಲೇ ತಲೆವಸ್ತ್ರ ಸರಿಸಿ ಕಿವಿ ಮುಂದೊಡ್ಡಿದ್ದಳು. "ತಂದ್ಯಾ ಮಗಳೇ? ರಂಜಾನಿಗೆ ಪಠಣ ಕೇಳ್ಬೇಕು ಕಣೇ."

"ಕಳುವಾಯ್ತು ಹಾಜ್ಜಾ."

"ಏನು?"

"ಕಳುವಾಯ್ತು!"

ಪಕ್ಕದ ಬಾಗಿಲು ತೆರೆಯಿತು. ಮೇಲೆ ಯಾರೋ ಕಂಬಿಯ ಮೇಲಿಂದ ಬಗ್ಗಿದರು.

"ಹೆಂಗೆ? ಯಾರ ತಪ್ಪು?" ಎಂದು ಹಾಜ್ಜಾ ಅವಳ ತೋಳು ಹಿಡಿದಳು.

ಕೆಳಗೆ ಕೀಲಿಗಳು ಕಿಣಿಕಿಣಿ ನಡುಗಿದವು. ಇನ್ಶಿರಾ ಪಠಣ ಮಾಡುವವರ ಹಾಗೆ ಎದೆತುಂಬ ಉಸಿರೆಳೆದುಕೊಂಡಳು.

"ನಂದು ಹಾಜ್ಜಾ! ಪೆಟ್ಟಿಗೇನ ಕಾರಲ್ಲಿ ಬಿಟ್ಟುಹೋದೋಳು ನಾನು!"

ಕೂಗು ಮೆಟ್ಟಿಲುಗಳನ್ನೆಲ್ಲ ಇಳಿದು ಬೀದಿಗೆ ಹೋಯಿತು. ಹಾಜ್ಜಾಳ ಕೈ ತೋಳಿನ ಮೇಲೆ ಹಾಗೇ ಇತ್ತು. ಅವಳು ಏನೆನ್ನುವಳೋ ಎಂದು ಕಟ್ಟಡವೆಲ್ಲ ಕಿವಿಗೊಟ್ಟಿತ್ತು.

"ಕೇಳಿಸ್ತು," ಎಂದಳು ಹಾಜ್ಜಾ. "ಒಳಗೆ ಬಾ. ಚಳಿ ಹಿಡಿದೋರ ಹಾಗೆ ನಡುಗ್ತಿದೀಯ."